ಜರ್ಮನಿಯ ಲ್ಯಾಬಿನಲ್ಲಿ ಬೇಸಿಗೆ ಸಂಶೋಧನಾ ಇಂಟರ್ನ್‌ಶಿಪ್: ಮೊದಲ ಮೇಲ್‌ನಿಂದ ಕೊನೆಯ ಸಹಿಯವರೆಗೆ

ಪ್ರತಿ ವರ್ಷ ಅಕ್ಟೋಬರ್ ಮೂರನೇ ವಾರ ಬಂತೆಂದರೆ ಎಂಜಿನಿಯರಿಂಗ್ ಹುಡುಗ ಹುಡುಗಿಯರಿಂದ ಒಂದೇ ಮಾತು: "ಅರ್ಜಿ ಎಲ್ಲ ತುಂಬಿ ಆಗಿದೆ, ಪ್ರೊಫೆಸರ್ ಪತ್ರ ಒಂದು ಮಾತ್ರ ಬಾಕಿ." ಆ 'ಒಂದು ಮಾತ್ರ' ಎಂಬುದರಲ್ಲೇ ಎಲ್ಲ ಇದೆ. ಅಂಕ ಕಡಿಮೆಯಾಗಿ ಅವಕಾಶ ತಪ್ಪಿಸಿಕೊಂಡವರಿಗಿಂತ ಕೆಲಸದ ಕ್ರಮ ತಲೆಕೆಳಗಾಗಿ ತಪ್ಪಿಸಿಕೊಂಡವರೇ ಹೆಚ್ಚು. ಮೊದಲು ಲ್ಯಾಬ್, ಆಮೇಲೆ ಅಲ್ಲಿನ ಪ್ರೊಫೆಸರ್ ಕೊಡುವ ಆಹ್ವಾನ ಪತ್ರ, ಪತ್ರದ ಮೇಲೆ ಸರಿಯಾದ ತಾರೀಖು, ಅದಾದ ಮೇಲೆ ಅರ್ಜಿ. ಈ ಬರಹ ಆ ಕ್ರಮದಲ್ಲೇ ಸಾಗುತ್ತದೆ.

ಉದಾಹರಣೆಗೆ ಡಿಎಎಡಿಯ ವೈಸ್ ಕಾರ್ಯಕ್ರಮವನ್ನು ತೆಗೆದುಕೊಂಡಿದ್ದೇವೆ. ಜರ್ಮನಿಯ ಈ ವಿನಿಮಯ ಸಂಸ್ಥೆ ಭಾರತದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪದವಿ ವಿದ್ಯಾರ್ಥಿಗಳಿಗೆಂದೇ ನಡೆಸುವ ಬೇಸಿಗೆ ಇಂಟರ್ನ್‌ಶಿಪ್ ಇದು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯದಲ್ಲೋ ಸಂಶೋಧನಾ ಸಂಸ್ಥೆಯಲ್ಲೋ 2ರಿಂದ 3 ತಿಂಗಳು ಕೆಲಸ. ತಿಂಗಳ ವಿದ್ಯಾರ್ಥಿವೇತನ, ಪ್ರಯಾಣಕ್ಕೆ ಸಹಾಯಧನ, ವಿಮೆ ಎಲ್ಲ ಅವರದೇ. ಲ್ಯಾಬನ್ನು ಮಾತ್ರ ನೀವೇ ಹುಡುಕಿಕೊಳ್ಳಬೇಕು.

## ಹಂತ 1: ಅರ್ಹತೆ ನೋಡಿಕೊಳ್ಳಿ (ಜುಲೈ ಮೊದಲ ವಾರ)

ಮೂರು ವಿಷಯ ಖಚಿತವಾಗದೆ ಮುಂದಿನ ಹಂತಕ್ಕೆ ಹೋಗಬೇಡಿ.

ಮೊದಲನೆಯದು ಕಾಲೇಜು. ವೈಸ್ ಎಲ್ಲ ಕಾಲೇಜುಗಳಿಗೂ ತೆರೆದಿಲ್ಲ. ಆಯ್ದ ಸಂಸ್ಥೆಗಳ ಪಟ್ಟಿಯೊಂದಿದೆ, ಅದು ಆಗಾಗ ಬದಲಾಗುತ್ತದೆ. ಸೀನಿಯರ್ ಹೋಗಿದ್ದರು ಎನ್ನುವುದು ಪುರಾವೆಯಲ್ಲ, ಈ ವರ್ಷದ ಪಟ್ಟಿಯನ್ನೇ ತೆರೆದು ನೋಡಿ.

ಎರಡನೆಯದು ಸೆಮಿಸ್ಟರ್. ನಾಲ್ಕು ವರ್ಷದ ಬಿಇ ಅಥವಾ ಬಿಟೆಕ್ ಆದರೆ ಮೂರನೇ ವರ್ಷದಲ್ಲಿ ಅರ್ಜಿ ಹಾಕಿ, ಆರನೇ ಸೆಮಿಸ್ಟರ್ ಮುಗಿದ ಬೇಸಿಗೆಯಲ್ಲಿ ಹೋಗುವುದು. ವಾಪಸ್ ಬಂದು ಓದು ಮುಂದುವರಿಸಲು ಇನ್ನೂ ಒಂದು ವರ್ಷ ಉಳಿದಿರಬೇಕು ಎಂಬುದು ಇದರ ಹಿಂದಿನ ಲೆಕ್ಕ.

ಮೂರನೆಯದು ಪರೀಕ್ಷೆಯ ಕ್ಯಾಲೆಂಡರ್. ಐಐಟಿ, ಎನ್‌ಐಟಿಗಳಲ್ಲಿ ಸೆಮಿಸ್ಟರ್ ಮೇ ಹೊತ್ತಿಗೆ ಮುಗಿದಿರುತ್ತದೆ. ವಿಟಿಯು ಕಾಲೇಜುಗಳಲ್ಲಿ ಸಮ ಸೆಮಿಸ್ಟರ್ ಪರೀಕ್ಷೆ ಜೂನ್, ಜುಲೈವರೆಗೆ ಎಳೆಯುವುದುಂಟು. ಮೇ 10ಕ್ಕೆ ಲ್ಯಾಬಿನಲ್ಲಿರುತ್ತೇನೆ ಎಂದು ಒಪ್ಪಿಕೊಂಡು, ಆಮೇಲೆ ಪರೀಕ್ಷೆಯ ವೇಳಾಪಟ್ಟಿ ನೋಡಿ ಕಂಗಾಲಾಗುವವರು ಪ್ರತಿ ಬಾರಿಯೂ ಇರುತ್ತಾರೆ. ವಿಭಾಗದ ಮುಖ್ಯಸ್ಥರನ್ನು ಈಗಲೇ ಕಂಡು, ಆಕ್ಷೇಪಣೆ ಇಲ್ಲವೆಂಬ ಪತ್ರ ಸಿಗುತ್ತದೆಯೇ, ಕ್ರೆಡಿಟ್ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿಕೊಳ್ಳಿ.

ಕಾಲೇಜು ಪಟ್ಟಿಯಲ್ಲಿ ಇಲ್ಲದಿದ್ದರೆ? ಹಂತ 2ರಿಂದ 6ರವರೆಗಿನ ಕೆಲಸ ಆಗಲೂ ಅದೇ. ಲ್ಯಾಬ್ ತನ್ನ ದುಡ್ಡಿನಲ್ಲಿ ಕರೆಸಿಕೊಳ್ಳಬಹುದು, ಅದು ಅಪರೂಪವೇನಲ್ಲ. ಇದರ ಜೊತೆಗೆ ಸೌದಿ ಅರೇಬಿಯಾದ ಕೌಸ್ಟ್ ವಿಶ್ವವಿದ್ಯಾಲಯದ ವಿಎಸ್‌ಆರ್‌ಪಿ ಎಂಬ ಸಂಶೋಧನಾ ಇಂಟರ್ನ್‌ಶಿಪ್, ಆಸ್ಟ್ರಿಯಾದ ಐಎಸ್‌ಟಿಎ ಎಂಬ ವಿಜ್ಞಾನ ಸಂಸ್ಥೆಯ ಬೇಸಿಗೆ ಇಂಟರ್ನ್‌ಶಿಪ್, ಕಂಪ್ಯೂಟರ್ ಸೈನ್ಸ್‌ನವರಿಗೆ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಬೇಸಿಗೆ ಫೆಲೋಶಿಪ್, ಕೆನಡಾದ ಮಿಟಾಕ್ಸ್ ಗ್ಲೋಬಲಿಂಕ್ ಇವೆ. ಮಿಟಾಕ್ಸ್‌ನಲ್ಲಿ ಪ್ರೊಫೆಸರ್‌ಗೆ ಮೇಲ್ ಮಾಡುವ ಗೋಜಿಲ್ಲ, ಅವರೇ ಕೊಟ್ಟ ಪ್ರಾಜೆಕ್ಟ್ ಪಟ್ಟಿಯಿಂದ ಆರಿಸಿಕೊಳ್ಳುವುದು. ಆದರೆ ಅದರ ಕೊನೆಯ ದಿನ ಬೇಗ ಬರುತ್ತದೆ, ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲೇ.

ಎಚ್ಚರಿಕೆಯ ಗುರುತು: "ಸೀಟು ಗ್ಯಾರಂಟಿ", "ಪ್ರೊಸೆಸಿಂಗ್ ಫೀ ಇಷ್ಟು" ಎನ್ನುವ ಏಜೆನ್ಸಿ. ಡಿಎಎಡಿಗೆ ಅರ್ಜಿ ಹಾಕಲು ಒಂದು ಪೈಸೆಯೂ ಬೇಕಿಲ್ಲ.

## ಹಂತ 2: ಮೇಲ್ ಬರೆಯುವ ಮೊದಲು ಸಿದ್ಧವಿರಬೇಕಾದವು

ಎರಡು ಪುಟ ಮೀರದ ಸಿವಿ. ಒಂದೇ ಪುಟದ ಪ್ರಾಜೆಕ್ಟ್ ಸಾರಾಂಶ, ಅದರಲ್ಲಿ ಒಂದು ಚಿತ್ರ ಅಥವಾ ಗ್ರಾಫ್. ಇದುವರೆಗಿನ ಅಂಕಪಟ್ಟಿಗಳೆಲ್ಲ ಸೇರಿದ ಒಂದೇ ಪಿಡಿಎಫ್. ಕೋಡ್ ಬರೆದಿದ್ದರೆ ಗಿಟ್‌ಹಬ್‌ನಲ್ಲಿ ಓಡುವ ಸ್ಥಿತಿಯಲ್ಲಿರುವ ಒಂದು ರೆಪೊ; ಖಾಲಿ ಹತ್ತು ರೆಪೊಗಿಂತ ಅದು ವಾಸಿ. ಪಾಸ್‌ಪೋರ್ಟ್. ಇಷ್ಟು ಸಾಕು.

ಸಿವಿಯಲ್ಲಿ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಒಂದು, ಸಿಜಿಪಿಎಯನ್ನು ಬರೀ 8.6 ಎಂದು ಬರೆಯುವುದು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸ್, ಅದರ ಮೇಲಿನದು ಫೇಲ್. 8.6 ಎಂಬ ಸಂಖ್ಯೆಗೆ ಅಲ್ಲಿ ಅರ್ಥವೇ ಇಲ್ಲ. "10ಕ್ಕೆ 8.6, ಪಾಸಾಗಲು 4" ಎಂದು ಬರೆಯಿರಿ. ಯಾರಾದರೂ ಜರ್ಮನ್ ಗ್ರೇಡ್ ಕೇಳಿದರೆ ಲೆಕ್ಕ ಹೀಗೆ: ಗರಿಷ್ಠದಿಂದ ನಿಮ್ಮದನ್ನು ಕಳೆಯಿರಿ, 1.4. ಗರಿಷ್ಠದಿಂದ ಪಾಸ್ ಅಂಕ ಕಳೆಯಿರಿ, 6. ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ: 1.7. ಒಳ್ಳೆಯ ಗ್ರೇಡೇ. ಕೇಳದಿದ್ದರೆ ಪರಿವರ್ತನೆ ಮಾಡಲು ಹೋಗಬೇಡಿ.

ಎರಡನೆಯ ತಪ್ಪು ಹೆಸರು, ಇದು ನಮ್ಮ ಕಡೆಯವರ ವಿಶೇಷ. ಅಂಕಪಟ್ಟಿಯಲ್ಲಿ 'ಕಿರಣ್ ಕೆ ಎಸ್', ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎರಡನ್ನೂ ಬಿಡಿಸಿ ಬರೆದದ್ದು, ಅಥವಾ ಸರ್‌ನೇಮ್ ಜಾಗವೇ ಖಾಲಿ. ಲ್ಯಾಬ್, ಡಿಎಎಡಿ, ವೀಸಾ, ವಿಮಾನದ ಟಿಕೆಟ್ ಎಲ್ಲ ಕಡೆ ನಡೆಯುವುದು ಪಾಸ್‌ಪೋರ್ಟಿನ ಹೆಸರು. ಸಿವಿಯಿಂದ ಹಿಡಿದು ಮೇಲ್ ಸಹಿವರೆಗೆ ಅದನ್ನೇ ಬಳಸಿ. ಪಾಸ್‌ಪೋರ್ಟ್ ತಿದ್ದಿಸುವುದಿದ್ದರೆ ಜುಲೈನಲ್ಲೇ ತಿದ್ದಿಸಿ, ಆಹ್ವಾನ ಪತ್ರ ಬಂದ ಮೇಲಲ್ಲ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಒಂದನ್ನು ಮಾಡಿಸಿ ಫೈಲಿನಲ್ಲಿ ಇಟ್ಟುಕೊಂಡರೆ ನಷ್ಟವಿಲ್ಲ.

## ಹಂತ 3: ಲ್ಯಾಬ್ ಹುಡುಕುವುದು

ಟಿಯು9 ಎನ್ನುವ ಒಂಬತ್ತು ತಾಂತ್ರಿಕ ವಿಶ್ವವಿದ್ಯಾಲಯಗಳ ಕೂಟವಿದೆ: ಆಕನ್, ಬರ್ಲಿನ್, ಬ್ರೌನ್‌ಶ್ವೈಗ್, ಡಾರ್ಮ್‌ಸ್ಟಾಟ್, ಡ್ರೆಸ್ಡನ್, ಹ್ಯಾನೋವರ್, ಕಾರ್ಲ್ಸ್‌ರೂಹೆ, ಮ್ಯೂನಿಕ್, ಸ್ಟುಟ್‌ಗಾರ್ಟ್. ಎಲ್ಲರೂ ಮ್ಯೂನಿಕ್ ಮತ್ತು ಆಕನ್‌ಗೇ ಮುಗಿಬೀಳುತ್ತಾರೆ. ಬ್ರೌನ್‌ಶ್ವೈಗ್, ಡ್ರೆಸ್ಡನ್‌ಗಳಲ್ಲಿ ಕೆಲಸ ಕಡಿಮೆಯದೇನಲ್ಲ, ಮನೆ ಬಾಡಿಗೆ ಮಾತ್ರ ಕಡಿಮೆ. ಫ್ರೌನ್‌ಹೋಫರ್, ಮ್ಯಾಕ್ಸ್ ಪ್ಲಾಂಕ್, ಹೆಲ್ಮ್‌ಹೋಲ್ಟ್ಸ್ ಸಂಶೋಧನಾ ಸಂಸ್ಥೆಗಳನ್ನೂ ಮರೆಯಬೇಡಿ.

ಊರಿನಿಂದ ಹುಡುಕಲು ಶುರು ಮಾಡಬೇಡಿ. ನೀವು ಮಾಡಿದ ಪ್ರಾಜೆಕ್ಟ್‌ನ ವಿಷಯದಿಂದ ಶುರು ಮಾಡಿ. ಗೂಗಲ್ ಸ್ಕಾಲರ್‌ನಲ್ಲಿ ಆ ವಿಷಯ ಹಾಕಿ ಕಳೆದ ಎರಡು ವರ್ಷದ ಲೇಖನಗಳಷ್ಟನ್ನೇ ಉಳಿಸಿಕೊಳ್ಳಿ. ಲೇಖಕರಲ್ಲಿ ಜರ್ಮನಿಯಲ್ಲಿರುವವರ ಹೆಸರು ಬರೆದಿಟ್ಟುಕೊಳ್ಳಿ. ಆಮೇಲೆ ಗೆಪ್ರಿಸ್ ಎಂಬ ತಾಣ ತೆರೆಯಿರಿ. ಜರ್ಮನಿಯ ಸಂಶೋಧನಾ ಪ್ರತಿಷ್ಠಾನ ಡಿಎಫ್‌ಜಿ ಯಾವ ಯಾವ ಪ್ರಾಜೆಕ್ಟಿಗೆ ದುಡ್ಡು ಕೊಟ್ಟಿದೆ ಎಂಬ ವಿವರ ಅಲ್ಲಿ ಎಲ್ಲರಿಗೂ ಸಿಗುತ್ತದೆ. ಪ್ರಾಜೆಕ್ಟ್ ಈಗ ನಡೆಯುತ್ತಿದೆ ಎಂದರೆ ಅದಕ್ಕೆ ಡಾಕ್ಟರೇಟ್ ವಿದ್ಯಾರ್ಥಿ ಇದ್ದಾರೆ, ಯಂತ್ರ ಓಡುತ್ತಿದೆ, ಸಣ್ಣಪುಟ್ಟ ಕೆಲಸಕ್ಕೆ ಕೈ ಬೇಕಾಗಿದೆ ಎಂದರ್ಥ. ಇದನ್ನು ನೋಡುವವರು ತೀರ ಕಡಿಮೆ.

ಇನ್ನೊಂದು ವಿಷಯ. ಜರ್ಮನಿಯಲ್ಲಿ ವಿಭಾಗಕ್ಕಿಂತ 'ಲೇರ್‌ಸ್ಟೂಲ್' ದೊಡ್ಡದು. ಒಬ್ಬ ಪ್ರೊಫೆಸರ್, ಅವರ ಕೆಳಗೆ ಗುಂಪಿನ ನಾಯಕರು, ಪೋಸ್ಟ್‌ಡಾಕ್‌ಗಳು, ಡಾಕ್ಟರೇಟ್ ವಿದ್ಯಾರ್ಥಿಗಳು, ಒಂದು ಕಚೇರಿ. ದೊಡ್ಡ ಲೇರ್‌ಸ್ಟೂಲ್‌ನ ಮುಖ್ಯಸ್ಥರಿಗೆ ಬರೆದ ಮೇಲ್ ಕಚೇರಿಯಲ್ಲೇ ಕೊನೆಯಾಗಬಹುದು. ಅಂಥ ಕಡೆ ಲೇಖನದ ಮೊದಲ ಲೇಖಕರಿಗೋ ಗುಂಪಿನ ನಾಯಕರಿಗೋ ಬರೆಯಿರಿ. ಬೇಸಿಗೆಯಲ್ಲಿ ನಿಮ್ಮ ಪಕ್ಕ ನಿಂತು ಕೆಲಸ ಹೇಳಿಕೊಡುವವರು ಅವರೇ. ಪತ್ರಕ್ಕೆ ಸಹಿ ಪ್ರೊಫೆಸರದ್ದು ಬೇಕು, ಆದರೆ "ಈ ಹುಡುಗಿಯನ್ನು ಕರೆಸೋಣ" ಎಂದು ಒಳಗಿನಿಂದ ಹೇಳುವವರು ಸಿಕ್ಕರೆ ಸಹಿ ತಾನಾಗಿ ಬರುತ್ತದೆ.

ಒಂದು ಸ್ಪ್ರೆಡ್‌ಶೀಟ್ ಮಾಡಿ: ಹೆಸರು, ಲ್ಯಾಬ್, ಓದಿದ ಲೇಖನ, ಮೇಲ್ ಕಳಿಸಿದ ದಿನ, ನೆನಪಿಸಿದ ದಿನ, ಉತ್ತರ. 25ರಿಂದ 30 ಹೆಸರು ಸಾಕು. ಒಂದೇ ಲ್ಯಾಬಿನ ಇಬ್ಬರಿಗೆ ಒಟ್ಟಿಗೆ ಬರೆಯಬೇಡಿ. ಅವರು ಮಧ್ಯಾಹ್ನ ಒಂದೇ ಟೇಬಲ್ಲಿನಲ್ಲಿ ಊಟ ಮಾಡುವವರು.

## ಹಂತ 4: ಮೇಲ್

ಬಹುಪಾಲು ಜನ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಸಮಯ. ಜರ್ಮನಿಯ ಬೇಸಿಗೆ ಸೆಮಿಸ್ಟರಿನ ಪಾಠಗಳು ಜುಲೈನಲ್ಲಿ ಮುಗಿಯುತ್ತವೆ. ಆಗಸ್ಟ್ ಎಂದರೆ ರಜೆ ಮತ್ತು ಸಮ್ಮೇಳನಗಳ ಕಾಲ. ಚಳಿಗಾಲದ ಸೆಮಿಸ್ಟರಿನ ಪಾಠ ಅಕ್ಟೋಬರ್ ಮಧ್ಯದಲ್ಲಿ ಶುರು. ಹಾಗಾಗಿ ಮೇಲ್ ಕಳಿಸಲು ಎರಡು ಒಳ್ಳೆಯ ಕಿಟಕಿ: ಜುಲೈ 10ರಿಂದ 25, ಮತ್ತು ಸೆಪ್ಟೆಂಬರ್ 10ರಿಂದ ಅಕ್ಟೋಬರ್ 5. ಮಂಗಳವಾರದಿಂದ ಗುರುವಾರದೊಳಗೆ, ನಮ್ಮ ಮಧ್ಯಾಹ್ನ 12.30ಕ್ಕೆ ಕಳಿಸಿದರೆ ಅಲ್ಲಿ ಬೆಳಿಗ್ಗೆ 9 ಗಂಟೆ. ಶುಕ್ರವಾರ ಸಂಜೆ ಕಳಿಸಿದ್ದು ಸೋಮವಾರದ ರಾಶಿಯ ಅಡಿಗೆ ಬೀಳುತ್ತದೆ. ರಜೆಯಲ್ಲಿದ್ದೇನೆ ಎಂಬ ಸ್ವಯಂ ಉತ್ತರ ಬಂದರೆ ಬೇಸರ ಬೇಡ. ಅವರು ಮರಳುವ ದಿನ ಅದರಲ್ಲೇ ಇರುತ್ತದೆ. ಅದಾದ ಮೂರನೇ ದಿನ ಮತ್ತೆ ಕಳಿಸಿ.

ಸಂಬೋಧನೆ. 'ರೆಸ್ಪೆಕ್ಟೆಡ್ ಸರ್' ಬೇಡವೇ ಬೇಡ. ನಮ್ಮಲ್ಲಿ ಅದು ಮರ್ಯಾದೆ, ಅಲ್ಲಿ ಅದು ನೂರು ಜನಕ್ಕೆ ಹೋದ ಮೇಲ್ ಎಂಬುದಕ್ಕೆ ಗುರುತು. ಮಹಿಳಾ ಪ್ರೊಫೆಸರ್‌ಗೆ 'ಸರ್' ಎಂದು ಬರೆದವರ ಮೇಲ್ ಅಲ್ಲಿಗೇ ಮುಗಿಯಿತು. 'ಡಿಯರ್ ಪ್ರೊಫೆಸರ್' ಎಂದು ಬರೆದು ಅವರ ಮನೆತನದ ಹೆಸರು ಸೇರಿಸಿ, ಅಷ್ಟೇ. ಡಾಕ್ಟರೇಟ್ ಆದ, ಪ್ರೊಫೆಸರ್ ಅಲ್ಲದವರಿಗೆ 'ಡಿಯರ್ ಡಾಕ್ಟರ್'. ಹೆಸರಿನಲ್ಲಿ ಅಕ್ಷರದ ಮೇಲೆ ಎರಡು ಚುಕ್ಕಿ ಇದ್ದರೆ ಆ ಚುಕ್ಕಿಯನ್ನೂ ಹಾಕಿ.

ವಿಷಯದ ಸಾಲಿನಲ್ಲಿ ಮೂರು ಸಂಗತಿ: ಬೇಸಿಗೆ ಇಂಟರ್ನ್‌ಶಿಪ್ ಮತ್ತು ವರ್ಷ, ಡಿಎಎಡಿ ವೈಸ್ ಎಂಬ ಹೆಸರು, ನಿಮ್ಮ ವಿಷಯದ ಎರಡು ಪದ. ದುಡ್ಡು ಡಿಎಎಡಿ ಕೊಡುತ್ತದೆ, ಲ್ಯಾಬ್ ಕೊಡಬೇಕಿಲ್ಲ ಎಂದು ಮೊದಲ ನೋಟದಲ್ಲೇ ಗೊತ್ತಾದರೆ ಮೇಲ್ ತೆರೆಯುವ ಕೈ ಬೇರೆ.

ಒಡಲು 150ರಿಂದ 180 ಪದ. ನಾಲ್ಕು ತುಣುಕು: ನೀವು ಯಾರು (ಒಂದು ವಾಕ್ಯ), ಅವರ ಯಾವ ಕೆಲಸ ಓದಿದಿರಿ, ಅದಕ್ಕೆ ಹತ್ತಿರದ್ದು ನೀವೇನು ಮಾಡಿದ್ದೀರಿ, ಏನು ಕೇಳುತ್ತಿದ್ದೀರಿ. ಇದರಲ್ಲಿ ಎರಡು ಮತ್ತು ಮೂರನೆಯ ತುಣುಕು ಹೇಗಿರಬಾರದು ಎಂಬುದಕ್ಕೆ ಮಾದರಿ (ಬರೆಯುವುದು ಇಂಗ್ಲಿಷಿನಲ್ಲಿ, ಇಲ್ಲಿ ಅರ್ಥಕ್ಕಾಗಿ ಕನ್ನಡದಲ್ಲಿ):

"ನನಗೆ ಚಿಕ್ಕಂದಿನಿಂದಲೂ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಅಪಾರ ಆಸಕ್ತಿ. ನಿಮ್ಮ ವಿಶ್ವವಿಖ್ಯಾತ ಸಂಶೋಧನೆಯಿಂದ ಬಹಳ ಪ್ರಭಾವಿತನಾಗಿದ್ದೇನೆ. ಯಾವ ಪ್ರಾಜೆಕ್ಟ್ ಕೊಟ್ಟರೂ ಶ್ರದ್ಧೆಯಿಂದ ಮಾಡುತ್ತೇನೆ."

ಈ ಮೂರು ವಾಕ್ಯವನ್ನು ಸಿವಿಲ್‌ನವರಿಗೂ ಕೆಮಿಕಲ್‌ನವರಿಗೂ ಕಳಿಸಬಹುದು. ಹಾಗೆ ಕಳಿಸಬಹುದಾದ ವಾಕ್ಯ ಯಾವುದಿದ್ದರೂ ಅಳಿಸಿ. ಅದೇ ಜಾಗದಲ್ಲಿ ಇರಬೇಕಾದದ್ದು ಈ ಬಗೆಯದು:

"ಲೋಹದ ಪುಡಿಯಿಂದ ಮುದ್ರಿಸಿದ ಅಲ್ಯೂಮಿನಿಯಂ ಜಾಲರಿಗಳ ಬಗ್ಗೆ ನಿಮ್ಮ ಗುಂಪಿನ ಲೇಖನದಲ್ಲಿ, ಕಂಬಿ ತೆಳ್ಳಗಾದಂತೆ ಸಿಮ್ಯುಲೇಶನ್ನಿಗೂ ಪ್ರಯೋಗಕ್ಕೂ ಅಂತರ ಹೆಚ್ಚಾಗಿರುವುದನ್ನು ನೋಡಿದೆ. ಕಳೆದ ಸೆಮಿಸ್ಟರಿನಲ್ಲಿ ನಾನು ಆನ್ಸಿಸ್ ಸಾಫ್ಟ್‌ವೇರ್‌ನಲ್ಲಿ ಇಂಥದೇ ಜಾಲರಿಯ ಒಂದು ಘಟಕವನ್ನು ಒತ್ತಿ ನೋಡಿದೆ. ಮೆಶ್ ಸಣ್ಣದು ಮಾಡಿದಷ್ಟೂ ಕೂಡುಗಳ ಹತ್ತಿರದ ಒತ್ತಡ ಏರುತ್ತಲೇ ಹೋಯಿತು, ಒಂದು ಬೆಲೆಗೆ ನಿಲ್ಲಲಿಲ್ಲ. ಕೂಡುಗಳಿಗೆ ದುಂಡಗಿನ ಅಂಚು ಕೊಟ್ಟ ಮೇಲೆ ನಿಂತಿತು. ನಿಮ್ಮ ಮಾದರಿಯಲ್ಲಿ ಅಂಚನ್ನು ಹೇಗೆ ತೆಗೆದುಕೊಂಡಿದ್ದೀರಿ ಎಂಬ ಕುತೂಹಲವಿದೆ."

ಇದರಲ್ಲಿ ಹೊಗಳಿಕೆ ಒಂದೂ ಇಲ್ಲ. ಲೇಖನ ಓದಿದ್ದಾರೆ, ಕೈಯಾರೆ ಮಾಡಿದ್ದಾರೆ, ಕೆಟ್ಟದ್ದನ್ನು ಗುರುತಿಸಿ ಸರಿಪಡಿಸಿದ್ದಾರೆ ಎಂಬ ಮೂರೂ ಮಾತು ಬಂದಿವೆ. ಪ್ರಶ್ನೆಯೊಂದಿದೆ, ಆದ್ದರಿಂದ ಉತ್ತರಿಸಲು ಒಂದು ನೆಪವೂ ಇದೆ. ಅಂಥ ದೊಡ್ಡ ಪ್ರಾಜೆಕ್ಟ್ ಮಾಡಿಲ್ಲ ಎನ್ನುವವರು, ಲೇಖನದ ಒಂದು ಗ್ರಾಫನ್ನು ತಾವೇ ಮತ್ತೆ ಲೆಕ್ಕ ಹಾಕಿ ತೆಗೆಯಲು ಒಂದು ವಾರ ಕೊಡಿ. ಹೊಂದದೆ ಹೋದರೆ ಇನ್ನೂ ಒಳ್ಳೆಯದು, ಬರೆಯಲು ವಿಷಯ ಸಿಕ್ಕಿತು.

ಚಾಟ್‌ಬಾಟ್ ಬರೆದುಕೊಟ್ಟ ಮೇಲ್ ಬಗ್ಗೆ ಒಂದು ಮಾತು: ವ್ಯಾಕರಣ ತಿದ್ದಿಸಿಕೊಳ್ಳಲು ಅಡ್ಡಿಯಿಲ್ಲ. ಪೂರ್ತಿ ಬರೆಸಿದರೆ ಎಲ್ಲರ ಮೇಲ್‌ಗಳೂ ಒಂದೇ ದನಿಯಲ್ಲಿರುತ್ತವೆ, ಓದುವವರು ಅಂಥವನ್ನು ವಾರಕ್ಕೆ ಹತ್ತಾರು ನೋಡಿರುತ್ತಾರೆ.

ಕೊನೆಯ ತುಣುಕಿನಲ್ಲಿ ತಾರೀಖು, ಎಷ್ಟು ವಾರ, ಡಿಎಎಡಿಗೆ ನವೆಂಬರ್ 1ರೊಳಗೆ ಆಹ್ವಾನ ಪತ್ರ ಬೇಕೆಂಬ ಮಾತು. ಸಿವಿ ಮತ್ತು ಸಾರಾಂಶ ಸೇರಿ ಒಂದೇ ಪಿಡಿಎಫ್, 2 ಎಂಬಿ ಒಳಗೆ. ಡ್ರೈವ್ ಲಿಂಕ್ ಕಳಿಸಬೇಡಿ, ಅನುಮತಿ ಕೇಳುವ ಪುಟ ತೆರೆದುಕೊಂಡರೆ ಯಾರೂ ಕಾಯುವುದಿಲ್ಲ.

ಉತ್ತರವಿಲ್ಲದಿದ್ದರೆ 10ರಿಂದ 12 ದಿನ ಬಿಟ್ಟು ಅದೇ ಮೇಲ್‌ಗೆ ಎರಡು ಸಾಲಿನ ನೆನಪು, ಒಂದೇ ಸಲ. ವಾರಕ್ಕೆ ನಾಲ್ಕೈದು ಮೇಲ್‌ಗಿಂತ ಹೆಚ್ಚು ಬೇಡ. ಹತ್ತು ಮೇಲ್‌ಗೂ ಉತ್ತರ ಬರಲಿಲ್ಲವೆಂದರೆ ಹನ್ನೊಂದನೆಯದನ್ನು ಕಳಿಸುವ ಮೊದಲು ಮೇಲ್ ಬದಲಿಸಿ.

## ಹಂತ 5: ಉತ್ತರ ಬಂದ ಮೇಲೆ

ಜರ್ಮನ್ ಉತ್ತರಗಳು ಚಿಕ್ಕವು, ಒಣಒಣವಾಗಿ ಕಾಣುತ್ತವೆ. "ಸಾಧ್ಯವಿದೆ, ಅಂಕಪಟ್ಟಿ ಕಳಿಸಿ" ಎಂಬುದು ನಿಜಕ್ಕೂ ಒಳ್ಳೆಯ ಉತ್ತರ. ಅದೇ ದಿನ ಕಳಿಸಿ. "ಸದ್ಯಕ್ಕೆ ಜಾಗವಿಲ್ಲ" ಎಂದರೆ ಜಾಗವಿಲ್ಲ ಎಂದೇ ಅರ್ಥ, ಒತ್ತಾಯಿಸಿದರೆ ಒಪ್ಪುತ್ತಾರೆ ಎಂಬ ನಮ್ಮ ಲೆಕ್ಕ ಅಲ್ಲಿ ನಡೆಯದು. ಧನ್ಯವಾದ ಹೇಳಿ, ಇದೇ ವಿಷಯದಲ್ಲಿ ಬೇರೆ ಯಾವ ಗುಂಪನ್ನು ಕೇಳಬಹುದು ಎಂದು ವಿಚಾರಿಸಿ.

ವಿಡಿಯೊ ಕರೆ ಸಾಮಾನ್ಯವಾಗಿ 20ರಿಂದ 30 ನಿಮಿಷ. ನಿಮ್ಮ ಪ್ರಾಜೆಕ್ಟ್ ಬಗ್ಗೆಯೇ ಕೇಳುತ್ತಾರೆ, ಮತ್ತು ಕೆದಕುತ್ತಾರೆ: ಆ ಮೆಶ್ ಯಾಕೆ, ಆ ಸೆನ್ಸರ್ ಯಾಕೆ. ಗುಂಪಿನಲ್ಲಿ ಗೆಳೆಯ ಮಾಡಿದ ಭಾಗವನ್ನು ತನ್ನದೆಂದು ಸಿವಿಯಲ್ಲಿ ಬರೆದವರು ಮೂರನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಕರೆ ಶುರುವಾಗುವ ಎರಡು ನಿಮಿಷ ಮೊದಲೇ ಸೇರಿಕೊಳ್ಳಿ.

ಒಬ್ಬರು ಹೂಂ ಎಂದ ದಿನವೇ, ಮಾತುಕತೆ ನಡೆಯುತ್ತಿರುವ ಉಳಿದವರಿಗೆ ವಿನಯದಿಂದ ತಿಳಿಸಿಬಿಡಿ. ಎರಡು ಆಹ್ವಾನ ಪತ್ರ ಇಟ್ಟುಕೊಂಡು ಕೊನೆ ಗಳಿಗೆಯಲ್ಲಿ ಒಂದನ್ನು ಬಿಟ್ಟರೆ, ನಿಮ್ಮ ಕಾಲೇಜಿನ ಮುಂದಿನ ವರ್ಷದವರ ಮೇಲ್‌ಗೆ ಆ ಲ್ಯಾಬಿನಲ್ಲಿ ಜಾಗವಿರುವುದಿಲ್ಲ.

## ಹಂತ 6: ಆಹ್ವಾನ ಪತ್ರ, ಮತ್ತು 90 ದಿನದ ಲೆಕ್ಕ

ಪತ್ರ ಸಂಸ್ಥೆಯ ಲೆಟರ್‌ಹೆಡ್ ಮೇಲೆ ಇರಬೇಕು. ಪಾಸ್‌ಪೋರ್ಟಿನಲ್ಲಿರುವ ಹೆಸರು, ನಿಮ್ಮ ಕಾಲೇಜು, ಕೆಲಸದ ವಿಷಯ, ಮೇಲ್ವಿಚಾರಕರ ಹೆಸರು, ಶುರುವಾಗುವ ಮತ್ತು ಮುಗಿಯುವ ತಾರೀಖು, ಕೆಲಸದ ಭಾಷೆ ಇಂಗ್ಲಿಷ್ ಎಂಬ ಮಾತು, ಸಹಿ. "ಅರ್ಜಿದಾರರ ಜೊತೆ ಮಾತಾಡಿದ್ದೇವೆ" ಎಂಬ ಒಂದು ಸಾಲಿದ್ದರೆ ತೂಕ ಹೆಚ್ಚು. ಪ್ರೊಫೆಸರ್‌ಗೆ ಇದೆಲ್ಲ ನೆನಪಿರುವುದಿಲ್ಲ; ಕರಡೊಂದನ್ನು ವರ್ಡ್ ಫೈಲಿನಲ್ಲಿ ಕಳಿಸಿದರೆ ಅವರಿಗೆ ಉಪಕಾರ.

ಈಗ ತಾರೀಖು. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಇಳಿದ ದಿನ ಮತ್ತು ಹೊರಟ ದಿನ ಎರಡೂ ಸೇರಿ. ಪತ್ರಗಳಲ್ಲಿ ಸಾಮಾನ್ಯವಾಗಿ ಬರುವುದು "ಮೇ 15ರಿಂದ ಆಗಸ್ಟ್ 15". ಮೂರು ತಿಂಗಳಲ್ಲವೇ ಅನಿಸುತ್ತದೆ. ಎಣಿಸಿ ನೋಡಿ: ಮೇ ತಿಂಗಳಲ್ಲಿ 17, ಜೂನ್ 30, ಜುಲೈ 31, ಆಗಸ್ಟ್ 15. ಒಟ್ಟು 93. ಮೂರು ದಿನ ಹೆಚ್ಚಾದ್ದರಿಂದ ಈಗ ನಿಮಗೆ ಬೇಕಾದ್ದು ರಾಷ್ಟ್ರೀಯ ವೀಸಾ, ಅಂದರೆ ಹೆಚ್ಚು ದಿನ ಇರುವವರಿಗೆ ಜರ್ಮನಿ ಕೊಡುವ ವೀಸಾ. ಅದರ ಕಡತ ಬೇರೆ, ಕಾಯುವ ಅವಧಿ ಬೇರೆ. ಮೇ 15ಕ್ಕೆ ಇಳಿದವರು ಆಗಸ್ಟ್ 12ಕ್ಕೆ ಹೊರಟಿರಬೇಕು. ಅದರಲ್ಲೂ ಮೊದಲು ಎರಡು ದಿನ, ಕೊನೆಗೆ ಎರಡು ದಿನ ಬಿಟ್ಟುಕೊಂಡು, ಪತ್ರದಲ್ಲಿ 12 ವಾರ, ಅಂದರೆ 84 ದಿನ ಬರೆಸಿಕೊಳ್ಳುವುದು ಜಾಣತನ. ಇಂಟರ್ನ್‌ಶಿಪ್ ಮುಗಿಸಿ ಪ್ಯಾರಿಸ್, ರೋಮ್ ನೋಡುವ ಆಸೆಯಿದ್ದರೆ ಆ ದಿನಗಳೂ ಇದೇ 90ರಲ್ಲಿ ಸೇರುತ್ತವೆ. ಹಿಂದೆ ಗಡಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುತ್ತಿದ್ದರು. 2025ರ ಅಕ್ಟೋಬರ್‌ನಿಂದ ಬೆರಳಚ್ಚು, ಫೋಟೊ ಸಮೇತ ಕಂಪ್ಯೂಟರ್ ದಾಖಲೆಯ ಪದ್ಧತಿ ಶುರುವಾಗಿದೆ. ದಿನಗಳನ್ನು ಅದೇ ಎಣಿಸುತ್ತದೆ.

ಲ್ಯಾಬಿನ ದುಡ್ಡಿನಲ್ಲಿ ಹೋಗುವವರಿಗೆ ಒಂದು ಹೆಚ್ಚಿನ ಹೆಜ್ಜೆಯಿದೆ. ವಿದೇಶಿ ವಿದ್ಯಾರ್ಥಿಗಳ ಓದಿಗೆ ಸಂಬಂಧಪಟ್ಟ ಇಂಟರ್ನ್‌ಶಿಪ್‌ಗೆ ಜರ್ಮನಿಯ ಉದ್ಯೋಗ ಇಲಾಖೆಯ ಝಡ್‌ಎವಿ ಎಂಬ ವಿಭಾಗ ಒಪ್ಪಿಗೆ ಕೊಡಬೇಕು. ಕಡೇಪಕ್ಷ ನಾಲ್ಕು ಸೆಮಿಸ್ಟರ್ ಮುಗಿಸಿರಬೇಕು. ಅರ್ಜಿ ಹಾಕುವುದು ಲ್ಯಾಬಿನ ಕಡೆಯಿಂದ. ಹೊಸ ಪ್ರೊಫೆಸರ್‌ಗಳಿಗೆ ಇದು ಗೊತ್ತಿರುವುದಿಲ್ಲ, ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿಯನ್ನು ವಿಚಾರಿಸುವಂತೆ ನೀವೇ ಕೇಳಿಕೊಳ್ಳಿ.

## ಹಂತ 7: ಡಿಎಎಡಿ ಅರ್ಜಿ

ಕೊನೆಯ ದಿನ ಬಹಳ ವರ್ಷಗಳಿಂದ ನವೆಂಬರ್ 1. ಈ ವರ್ಷದ್ದನ್ನು ಪೋರ್ಟಲ್‌ನಲ್ಲಿ ಖಚಿತಪಡಿಸಿಕೊಂಡು, ನಿಮ್ಮ ಮಟ್ಟಿಗೆ ಅಕ್ಟೋಬರ್ 27 ಕೊನೆಯ ದಿನ ಎಂದಿಟ್ಟುಕೊಳ್ಳಿ. ಕೊನೆಯ ರಾತ್ರಿ ಪೋರ್ಟಲ್ ತೆವಳುತ್ತದೆ.

ಶಿಫಾರಸು ಪತ್ರವನ್ನು ಮೂರು ವಾರ ಮೊದಲೇ ಕೇಳಿ. ಪ್ರಾಂಶುಪಾಲರದ್ದಕ್ಕಿಂತ ನಿಮ್ಮ ಪ್ರಾಜೆಕ್ಟ್ ನೋಡಿದ ಸಹಾಯಕ ಪ್ರಾಧ್ಯಾಪಕರ ಪತ್ರಕ್ಕೆ ಬೆಲೆ. "ನೀನೇ ಬರೆದು ತಾರಪ್ಪ, ಸಹಿ ಹಾಕ್ತೀನಿ" ಎನ್ನುವ ಮೇಷ್ಟ್ರು ನಮ್ಮಲ್ಲಿ ಹೆಚ್ಚು. ಪೂರ್ತಿ ಪತ್ರ ಬರೆದುಕೊಡಬೇಡಿ, ಒಂದು ಪುಟದ ಟಿಪ್ಪಣಿ ಕೊಡಿ: ಯಾವ ಕೋರ್ಸ್, ಯಾವ ಪ್ರಾಜೆಕ್ಟ್, ಎಲ್ಲಿ ಕೆಟ್ಟಿತು, ಹೇಗೆ ಸರಿ ಮಾಡಿದಿರಿ. ಶಿಫಾರಸು ಪತ್ರದಲ್ಲೂ ನಿಮ್ಮ ಪ್ರೇರಣಾ ಪತ್ರದಲ್ಲೂ (ಮೋಟಿವೇಶನ್ ಲೆಟರ್) ಒಂದೇ ವಾಕ್ಯ ಕಂಡರೆ ಎರಡಕ್ಕೂ ಬೆಲೆ ಹೋಗುತ್ತದೆ.

ಪ್ರೇರಣಾ ಪತ್ರದಲ್ಲಿ ಸಿವಿಯನ್ನೇ ಮತ್ತೆ ಹೇಳಬೇಡಿ. ಈ ಲ್ಯಾಬೇ ಯಾಕೆ, 12 ವಾರದಲ್ಲಿ ಏನೇನು, ಬಂದ ಮೇಲೆ ಅದು ಕೊನೆಯ ವರ್ಷದ ಪ್ರಾಜೆಕ್ಟಿಗೆ ಹೇಗೆ ಕೂಡಿಕೊಳ್ಳುತ್ತದೆ. ವಾರಗಳ ಯೋಜನೆಯನ್ನು ಮೇಲ್ವಿಚಾರಕರಿಗೆ ತೋರಿಸಿ ಒಪ್ಪಿಸಿಕೊಳ್ಳಿ: ಮೊದಲ 2 ವಾರ ಓದು ಮತ್ತು ಯಂತ್ರದ ತರಬೇತಿ, ಮುಂದಿನ 6 ವಾರ ಮಾಪನ, 3 ವಾರ ವಿಶ್ಲೇಷಣೆ, ಕೊನೆಯದು ವರದಿ. 12 ವಾರದಲ್ಲಿ ಹೊಸ ಸಿದ್ಧಾಂತ ಕಂಡುಹಿಡಿಯುತ್ತೇನೆ ಎಂಬ ಯೋಜನೆಗೆ ನಗು ಬರುತ್ತದೆ.

ಫಲಿತಾಂಶ ತಡವಾಗಿ ಅಂಕಪಟ್ಟಿ ಕೈಗೆ ಬಂದಿಲ್ಲದಿದ್ದರೆ, ಆನ್‌ಲೈನ್ ಫಲಿತಾಂಶದ ಪ್ರತಿಗೆ ಕಾಲೇಜಿನ ಸೀಲು, ಸಹಿ ಹಾಕಿಸಿ ಸೇರಿಸಿ.

## ಹಂತ 8: ವೀಸಾ

ಕರ್ನಾಟಕದವರಿಗೆ ವೀಸಾ ಅರ್ಜಿ ತೆಗೆದುಕೊಳ್ಳುವುದು ಬೆಂಗಳೂರಿನ ವಿಎಫ್‌ಎಸ್ ಕೇಂದ್ರ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಹಾಕಬಹುದು. ಮೇ ತಿಂಗಳಲ್ಲಿ ಹೊರಡುವವರು ಆಯ್ಕೆ ಪತ್ರ ಬಂದ ವಾರವೇ ಅಪಾಯಿಂಟ್‌ಮೆಂಟ್ ಹಿಡಿಯಿರಿ. ಏಪ್ರಿಲ್, ಮೇನಲ್ಲಿ ಪ್ರವಾಸಿಗರ ನೂಕುನುಗ್ಗಲು.

ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸ್ ಬರುವ ದಿನದಿಂದ ಮುಂದೆ ಕನಿಷ್ಠ 3 ತಿಂಗಳು ಚಾಲ್ತಿಯಿರಬೇಕು, ಎರಡು ಪುಟ ಖಾಲಿ ಇರಬೇಕು. ಫೋಟೊ 35 ಮಿಮೀ ಅಗಲ, 45 ಮಿಮೀ ಎತ್ತರ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದು. ಡಿಎಎಡಿ ವಿಮೆ ವಿದ್ಯಾರ್ಥಿವೇತನದ ಅವಧಿಗೆ ಮಾತ್ರ. ನೀವು ನಾಲ್ಕು ದಿನ ಮೊದಲು ಇಳಿಯುವುದಿದ್ದರೆ ಆ ನಾಲ್ಕು ದಿನಕ್ಕೆ ಬೇರೆ ಪ್ರಯಾಣ ವಿಮೆ ಬೇಕು. ಈ ಸಣ್ಣ ತೂತಿನಿಂದ ಕಡತ ವಾಪಸಾಗುವುದುಂಟು.

ಪ್ರವಾಸಿ ವೀಸಾದಲ್ಲಿ ಹೋಗಿ ಲ್ಯಾಬಿನಲ್ಲಿ ಕೂರುವ ಉಪಾಯ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅರ್ಜಿಯಲ್ಲಿ ಬರೆದ ಉದ್ದೇಶ, ಆಹ್ವಾನ ಪತ್ರ, ವಿದ್ಯಾರ್ಥಿವೇತನ ಪತ್ರ ಮೂರೂ ಒಂದೇ ಮಾತು ಹೇಳಬೇಕು. ವಿಮಾನದ ಟಿಕೆಟ್ ಕೊಳ್ಳುವುದು ವೀಸಾ ಬಂದ ಮೇಲೆ. ಅಲ್ಲಿಯವರೆಗೆ ಹಣ ಕಟ್ಟದ ಬುಕಿಂಗ್ ಪ್ರತಿ ಸಾಕು.

## ಹಂತ 9: ಮನೆ

ಮೊದಲು ಲ್ಯಾಬಿನ ಕಚೇರಿಯನ್ನು ಕೇಳಿ, ಅತಿಥಿಗೃಹ ಇರಬಹುದು. ಆಮೇಲೆ ಆ ಊರಿನ ಸ್ಟುಡೀರೆಂಡನ್‌ವೆರ್ಕ್, ವಿದ್ಯಾರ್ಥಿ ಹಾಸ್ಟೆಲ್‌ಗಳನ್ನು ನಡೆಸುವ ಸಂಸ್ಥೆ. ಮೂರನೆಯದು ಡಬ್ಲ್ಯೂಜಿ-ಗೆಜುಖ್ಟ್ ಎಂಬ ತಾಣ. ಬೇಸಿಗೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳು ತಮ್ಮ ಕೋಣೆಯನ್ನು ಎರಡು ಮೂರು ತಿಂಗಳಿಗೆ ಕೊಡುತ್ತಾರೆ, ಅದಕ್ಕೆ 'ತ್ಸ್ವಿಶನ್‌ಮೀಟೆ' ಎನ್ನುತ್ತಾರೆ. ನಿಮಗೆ ಬೇಕಾದ್ದು ಅದೇ. ಬಾಡಿಗೆ ನೋಡುವಾಗ 'ವಾರ್ಮ್' ಎಂದಿದ್ದರೆ ಬಿಸಿಮಾಡುವ ಖರ್ಚು ಸೇರಿದೆ, 'ಕಾಲ್ಟ್' ಎಂದಿದ್ದರೆ ಸೇರಿಲ್ಲ.

ಮೋಸದ ಗುರುತುಗಳು ಯಾವಾಗಲೂ ಒಂದೇ: ಮಾಲೀಕರು "ವಿದೇಶದಲ್ಲಿದ್ದಾರೆ", ಕೀ ಅಂಚೆಯಲ್ಲಿ ಬರುತ್ತದೆ, ಠೇವಣಿ ಮೊದಲು ಕಳಿಸಬೇಕು, ಮ್ಯೂನಿಕ್‌ನ ನಡುಮಧ್ಯದಲ್ಲಿ ನಂಬಲಾಗದಷ್ಟು ಅಗ್ಗ. ವಿಡಿಯೊ ಕರೆಯಲ್ಲಿ ಕೋಣೆ ತೋರಿಸಲು ಒಪ್ಪದವರಿಗೆ ಒಂದು ಯೂರೊ ಕೂಡ ಕಳಿಸಬೇಡಿ. ಸಹೋದ್ಯೋಗಿಯಾಗಲಿರುವ ಡಾಕ್ಟರೇಟ್ ವಿದ್ಯಾರ್ಥಿಯನ್ನು ಹೋಗಿ ನೋಡಿಬರುತ್ತೀರಾ ಎಂದು ಕೇಳಲು ಸಂಕೋಚ ಬೇಡ, ಬಹಳ ಜನ ಒಪ್ಪುತ್ತಾರೆ.

## ಹಂತ 10: ಮೊದಲ ವಾರ, ಕೊನೆಯ ವಾರ

ಶನಿವಾರ ರಾತ್ರಿ ಇಳಿಯಬೇಡಿ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಅಕ್ಕಿ ಉಪ್ಪು ಕೂಡ ಸಿಗದು. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳೇ ಗತಿ.

ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್. 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ದೇಶದ ಎಲ್ಲ ಊರಿನ ಬಸ್ಸು, ಟ್ರಾಮು, ಪ್ರಾದೇಶಿಕ ರೈಲು ಇದರಲ್ಲಿ ಬರುತ್ತವೆ, ವೇಗದ ಐಸಿಇ ರೈಲು ಬರುವುದಿಲ್ಲ. ಇದು ತಾನಾಗಿ ಮುಂದುವರಿಯುವ ಚಂದಾ. ನಿಲ್ಲಿಸಬೇಕಾದ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ಆಗಸ್ಟ್‌ನಲ್ಲಿ ಹೊರಡುವವರು ಆಗಸ್ಟ್ 10 ಎಂದು ಫೋನಿನಲ್ಲಿ ಗುರುತು ಹಾಕಿಕೊಳ್ಳಿ, ಇಲ್ಲವಾದರೆ ಊರಿಗೆ ಬಂದ ಮೇಲೂ ದುಡ್ಡು ಹೋಗುತ್ತದೆ.

ವಿಳಾಸ ನೋಂದಣಿ ಮಾಡಿಸಲೇಬೇಕೆಂದು ಎಲ್ಲರೂ ಹೆದರಿಸುತ್ತಾರೆ. ವಿದೇಶದಲ್ಲಿ ವಾಸವಿದ್ದು ಮೂರು ತಿಂಗಳು ಮೀರದಂತೆ ಬಂದವರಿಗೆ ಆ ಕಡ್ಡಾಯವಿಲ್ಲ.

ಲ್ಯಾಬಿನಲ್ಲಿ ಮೊದಲ ದಿನ ಸುರಕ್ಷತೆಯ ಪಾಠ, ಸಹಿ. ಅದಾಗದೆ ಯಾವ ಯಂತ್ರವನ್ನೂ ಮುಟ್ಟುವಂತಿಲ್ಲ. ಚಪ್ಪಲಿಯಲ್ಲಿ ವರ್ಕ್‌ಶಾಪಿಗೆ ಬಿಡುವುದಿಲ್ಲ, ಮುಚ್ಚಿದ ಬೂಟು ಊರಿನಿಂದಲೇ ತನ್ನಿ. ತೊಂದರೆಯಾದರೆ ಎರಡು ಗಂಟೆ ಸ್ವಂತ ಪ್ರಯತ್ನ ಮಾಡಿ, ಆಮೇಲೆ ಕೇಳಿ. ಮೂರು ದಿನ ಒದ್ದಾಡಿ ನಾಲ್ಕನೇ ದಿನ ಹೇಳುವುದನ್ನು ಅಲ್ಲಿ ಯಾರೂ ಶ್ರದ್ಧೆ ಎನ್ನುವುದಿಲ್ಲ. ಪ್ರತಿ ಶುಕ್ರವಾರ ಅರ್ಧ ಪುಟ ಬರೆದು ಮೇಲ್ವಿಚಾರಕರಿಗೆ ಕಳಿಸಿದರೆ ಕೊನೆಯ ವರದಿ ಅರ್ಧ ಅಲ್ಲಿಗೇ ಮುಗಿದಿರುತ್ತದೆ.

ಕೊನೆಯ ವಾರದಲ್ಲಿ ಮೂರು ಕೆಲಸ. ಯಾವ ಡೇಟಾ, ಯಾವ ಕೋಡ್ ಕೊಂಡೊಯ್ಯಬಹುದು ಎಂಬುದನ್ನು ಮೇಲ್‌ನಲ್ಲೇ ಕೇಳಿ, ಬಾಯಿಮಾತಿನಲ್ಲಲ್ಲ. ನಿಮ್ಮ ಫೈಲುಗಳು ಎಲ್ಲಿವೆ, ಹೇಗೆ ಓಡಿಸಬೇಕು ಎಂಬ ಒಂದು ಪುಟ ಬರೆದಿಟ್ಟು ಬನ್ನಿ. ಪ್ರಮಾಣಪತ್ರಕ್ಕೆ ಹೊರಡುವ ಎರಡು ವಾರ ಮೊದಲೇ ಕೇಳಿಟ್ಟು, ತಾರೀಖು, ವಾರಕ್ಕೆ ಎಷ್ಟು ಗಂಟೆ, ವಿಷಯ ಇವಿಷ್ಟಿರುವ ಪ್ರತಿಗೆ ಸಹಿ, ಸೀಲು ಹಾಕಿಸಿಕೊಂಡೇ ಹೊರಡಿ. ಆಗಸ್ಟ್‌ನಲ್ಲಿ ಪ್ರೊಫೆಸರ್ ರಜೆಯಲ್ಲಿರುತ್ತಾರೆ, ನಿಮ್ಮ ಕಾಲೇಜು ಕ್ರೆಡಿಟ್ ಹಾಕಲು ಸೆಪ್ಟೆಂಬರ್‌ನಲ್ಲಿ ಕೇಳುವುದು ಆ ಕಾಗದವನ್ನೇ.